29,500 ಕೊಟ್ಟು ಕೆಂಪಕ್ಷರ ಓದೋದು ಕಲಿತೆ: ವಿದ್ಯಾನಗರದ ಒಂದು ಜಾವಾ ಕೋರ್ಸ್

ಮೊದಲೇ ಹೇಳಿಬಿಡುತ್ತೇನೆ, ಇನ್‌ಸ್ಟಿಟ್ಯೂಟಿನ ಹೆಸರು ಬರೆಯುವುದಿಲ್ಲ. ನನ್ನ ಸರ್ಟಿಫಿಕೇಟ್ ಇನ್ನೂ ಅವರ ಹತ್ತಿರವೇ ಇದೆ, ಯಾಕೆ ಅಂತ ಮುಂದೆ ಬರುತ್ತದೆ. ಹುಬ್ಬಳ್ಳಿ ವಿದ್ಯಾನಗರ, ಮೊಬೈಲ್ ಅಂಗಡಿಯ ಮೇಲೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲ ಬುಡದಲ್ಲಿ ಒಂದು ಗಿರ್ಮಿಟ್ ಗಾಡಿ. ಇಷ್ಟು ಹೇಳಿದರೆ ಆ ಕಡೆ ಓಡಾಡುವವರಿಗೆ ನಾಲ್ಕೈದು ಜಾಗ ನೆನಪಾಗಬಹುದು. ಎಲ್ಲ ಒಂದೇ ಥರ ಇವೆ, ಯಾವುದನ್ನು ಅಂದುಕೊಂಡರೂ ನಡೆಯುತ್ತದೆ.

ನಾನು ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಊರು ರೋಣ ತಾಲೂಕು, ಇರೋದು ಇಲ್ಲೇ ರೂಮ್ ಮಾಡಿಕೊಂಡು. ಕೋರ್ಸಿನ ಹೆಸರು ಜಾವಾ ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್, ಅಂದರೆ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸಿ ವೆಬ್‌ಸೈಟಿನ ಮುಂದಿನ ಭಾಗ, ಹಿಂದಿನ ಭಾಗ ಎರಡೂ ಮಾಡೋದು. ಐದು ತಿಂಗಳು, ಸೋಮವಾರದಿಂದ ಶುಕ್ರವಾರ ಸಂಜೆ ಆರರಿಂದ ಎಂಟು. ಫೀ 25,000 ಅಂದಿದ್ದರು. ಅಪ್ಪ ಗದಗ ಎಪಿಎಂಸಿಯಲ್ಲಿ ಹೆಸರುಕಾಳು ಮಾರಿ ಬಂದಿದ್ದರು, ಅದರಲ್ಲೇ ಫೋನ್‌ಪೇ ಮಾಡಿದರು. ರಸೀದಿ ಬರೆಯುವಾಗ ಕೌಂಟರಿನ ಮೇಡಂ ತಲೆ ಎತ್ತದೆ, "ಜಿಎಸ್‌ಟಿ ಹದಿನೆಂಟು ಪರ್ಸೆಂಟ್ ಬ್ಯಾರೆ ಐತ್ರಿ" ಅಂದರು. ಅಂದರೆ ಇನ್ನೂ 4,500. ಅದನ್ನು ಮೂರು ದಿನ ಡೆಮೋ ಕ್ಲಾಸಿಗೆ ಬಂದಾಗ ಯಾರೂ ಹೇಳಿರಲಿಲ್ಲ, ಗೋಡೆ ಮೇಲಿನ ಬೋರ್ಡಿನಲ್ಲೂ ಇರಲಿಲ್ಲ. ಅಪ್ಪನಿಗೆ ಮತ್ತೆ ಫೋನ್ ಮಾಡೋಕೆ ನಾಚಿಕೆಯಾಗಿ ನನ್ನ ಸ್ಕಾಲರ್‌ಶಿಪ್ ದುಡ್ಡಿನಿಂದ ಕಟ್ಟಿದೆ. "ಹದಿನೈದು ಜನರ ಬ್ಯಾಚ್" ಅಂದಿದ್ದರು, ಮೊದಲ ದಿನ ಎಣಿಸಿದೆ, ಮೂವತ್ತೆಂಟು ಜನ ಇದ್ದೆವು. ಎಸಿ ಇದೆ ಅಂದಿದ್ದರು. ಎಸಿ ಇದೆ, ನಿಜ.

ನಾನು ಯಾಕೆ ಸೇರಿದೆ ಅಂತ ಹೇಳದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ನಮಗೆ ಜಾವಾ ಇತ್ತು, ಒಳ್ಳೆ ಮಾರ್ಕ್ಸೇ ಬಂದಿದ್ದವು, ಲ್ಯಾಬ್ ಮ್ಯಾನುಯಲ್ ಪೂರ್ತಿ ಬಾಯಿಪಾಠ. ಆದರೆ ರನ್ ಮಾಡಿದಾಗ ಕೆಳಗೆ ಕೆಂಪಕ್ಷರ, ಅಂದರೆ ಪ್ರೋಗ್ರಾಂ ಎಲ್ಲಿ ತಪ್ಪಿತು ಅಂತ ಹೇಳುವ ಎರರ್, ಬಂತು ಅಂದರೆ ನನಗೆ ಗೊತ್ತಿದ್ದದ್ದು ಎರಡೇ ದಾರಿ. ಒಂದು, ಮುಚ್ಚಿ ಮತ್ತೆ ತೆರೆಯೋದು. ಇನ್ನೊಂದು, ಗೆಳೆಯನ ಫೈಲ್ ಪೆನ್‌ಡ್ರೈವಿನಲ್ಲಿ ತರೋದು. ಆಮೇಲೆ ಚಾಟ್‌ಜಿಪಿಟಿ ಬಂತು, ಆ ಕೆಂಪಕ್ಷರವನ್ನೆಲ್ಲ ಎತ್ತಿ ಅದಕ್ಕೆ ಹಾಕಿ, ಅದು ಕೊಟ್ಟದ್ದನ್ನು ಎತ್ತಿ ಇಲ್ಲಿ ಹಾಕಿ, ಮತ್ತೆ ಬೇರೆ ಕೆಂಪಕ್ಷರ ಬಂದರೆ ಅದನ್ನೂ ಎತ್ತಿ ಹಾಕಿ, ರಾತ್ರಿ ಎರಡು ಗಂಟೆವರೆಗೆ ಇದೇ ಕೆಲಸ. ಎಂಜಿನಿಯರಿಂಗ್ ಮೂರು ವರ್ಷ ಮುಗಿಸಿದವನು ಆ ಕೆಂಪಕ್ಷರವನ್ನು ಒಂದು ಸಲವೂ ಓದಿರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ, ಆದರೆ ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೇ.

ಸರ್ ಮೊದಲ ದಿನ ಸ್ಲೈಡ್ ಹಾಕಲಿಲ್ಲ. ಅವರು ಬೆಂಗಳೂರಿನಲ್ಲಿ ಕೆಲವು ವರ್ಷ ಕಂಪನಿಯಲ್ಲಿದ್ದು, ಮನೆ ಕಾರಣಕ್ಕೆ ಧಾರವಾಡಕ್ಕೆ ವಾಪಸ್ ಬಂದವರು. ದಿನಾ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಸರಿಯಾಗಿ ಓಡುವ ಪ್ರೋಗ್ರಾಂ ಎಲ್ಲರಿಗೂ ಕೊಟ್ಟು, "ಇವತ್ತ ಪ್ರೋಗ್ರಾಂ ಬರಿಯೂದಿಲ್ಲ, ಕೆಡಸೂದು" ಅಂದರು. ಒಬ್ಬೊಬ್ಬರು ಒಂದೊಂದು ಥರ ಕೆಡಿಸಬೇಕು. ಸೆಮಿಕೋಲನ್ ತೆಗೆಯೋದು ಲೆಕ್ಕಕ್ಕಿಲ್ಲ. ಕೆಡಿಸಿದ ಮೇಲೆ ಏನು ಕೆಂಪಕ್ಷರ ಬಂತೋ ಅದನ್ನು ಎದ್ದು ನಿಂತು ಜೋರಾಗಿ ಓದಬೇಕು. ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್‌ಸೈಟ್ ಮಾಡೋಕೆ ಬಳಸುವ ಸಿದ್ಧ ಚೌಕಟ್ಟು) ಪ್ರೋಗ್ರಾಂ ಬಿದ್ದರೆ ನೂರಿನ್ನೂರು ಸಾಲು ಬರುತ್ತದೆ, ನೋಡಿದರೆ ತಲೆ ತಿರುಗುತ್ತದೆ. ಅವರು ಹೇಳಿದ್ದು ಇಷ್ಟೇ: ಕೆಳಗಿನಿಂದ ಹುಡುಕುತ್ತ ಬಂದು 'ಕಾಸ್ಡ್ ಬೈ' ಅಂತ ಎಲ್ಲಿ ಕೊನೇ ಸಲ ಇದೆಯೋ ಅಲ್ಲಿ ನಿಲ್ಲಿ. ಆ ಸಾಲು ಪೂರ್ತಿ ಓದಿ. ಆಮೇಲೆ ಅದರ ಕೆಳಗೆ ನೀವು ಬರೆದ ಪ್ಯಾಕೇಜಿನ ಹೆಸರಿರುವ ಮೊದಲ ಸಾಲು ಹುಡುಕಿ, ಅಲ್ಲಿ ಫೈಲಿನ ಹೆಸರು, ಸಾಲಿನ ನಂಬರ್ ಎರಡೂ ಇರುತ್ತವೆ. ಉಳಿದ ನೂರೆಂಬತ್ತು ಸಾಲು ಸ್ಪ್ರಿಂಗಿನವರ ಸಂಸಾರ, ನಮಗೆ ಸಂಬಂಧ ಇಲ್ಲ.

"ಕೆಂಪಗೈತಿ ಅಂತ ಓಡಬ್ಯಾಡ್ರಿ. ಊರಿಂದ ಬಂದ ಪತ್ರ ಓದಿದಂಗ ಓದ್ರಿ. ಮೊದಲ ಯಾರು ಬರದಾರ ನೋಡ್ರಿ, ಆಮ್ಯಾಲ ಏನು ಬೇಡ್ಯಾರ ನೋಡ್ರಿ."

ಇದನ್ನು ನನಗೆ ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಇಷ್ಟು ಸಣ್ಣ ವಿಷಯ! ಎರಡು ವಾರ ಬರೀ ಇದೇ ನಡೆಯಿತು. ಕೆಲವರು ಬೇಜಾರಾಗಿ ಕೌಂಟರಿಗೆ ಹೋಗಿ "ಸಿಲಬಸ್ ಹೋಗ್ತಾ ಇಲ್ಲ" ಅಂತ ದೂರು ಕೊಟ್ಟರು. ನಾನಂತೂ ಖುಷಿಯಾಗಿದ್ದೆ.

ಅವರು ಕನ್ನಡದಲ್ಲೇ ಹೇಳುತ್ತಿದ್ದರು, ಅದೂ ಅಪ್ಪಟ ಧಾರವಾಡದ ಕನ್ನಡ. ಡೆಡ್‌ಲಾಕ್ ಅಂದರೆ ದುರ್ಗದ ಬೈಲಿನ ಓಣಿಯಲ್ಲಿ ಎರಡು ಟಂಟಂ ಎದುರುಬದುರು ನಿಂತು, ಇಬ್ಬರೂ "ನೀ ಹಿಂದ ಸರಿ" ಅನ್ನೋದು. ಕಾಲೇಜಿನಲ್ಲಿ ಇದಕ್ಕೆ ನಾಲ್ಕು ಕಂಡೀಷನ್ ಬರೆದು ಹತ್ತು ಮಾರ್ಕ್ಸ್ ತೆಗೆದಿದ್ದೆ, ಆದರೆ ಕಣ್ಣಿಗೆ ಕಂಡದ್ದು ಆವತ್ತೇ. ಗಿಟ್, ಅಂದರೆ ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್, ಯಾಕೆ ಹುಟ್ಟಿತು ಅನ್ನೋದನ್ನೂ ಕತೆ ಥರ ಹೇಳಿದರು. ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು (ಕರ್ನೆಲ್) ಬರೆಯುವವರು ಅಲ್ಲಿವರೆಗೆ ಬೇರೆ ಕಂಪನಿಯ ಸಾಫ್ಟ್‌ವೇರ್ ಪುಕ್ಕಟೆ ಬಳಸುತ್ತಿದ್ದರಂತೆ, ಆ ಕಂಪನಿ ಪುಕ್ಕಟೆ ಕೊಡೋದು ನಿಲ್ಲಿಸಿದ ಮೇಲೆ, 2005ರಲ್ಲಿ, ಲಿನಸ್ ಟೊರ್ವಾಲ್ಡ್ಸ್ ತಾವೇ ಕೂತು ಬರೆದರು. ನಮ್ಮ ಗುಂಪಿನವನೊಬ್ಬ ಡೇಟಾಬೇಸಿನ ಪಾಸ್‌ವರ್ಡ್ ಸಮೇತ ಕೋಡನ್ನು ಗಿಟ್‌ಹಬ್‌ಗೆ (ಗಿಟ್ ಕೋಡ್ ಇಡುವ ವೆಬ್‌ಸೈಟ್) ಏರಿಸಿ, ಗೊತ್ತಾದ ಮೇಲೆ ಆ ಸಾಲು ಅಳಿಸಿ ಮತ್ತೆ ಏರಿಸಿದ, ಕೆಲಸ ಮುಗಿಯಿತು ಅಂದುಕೊಂಡ. ಸರ್ ಹಳೇ ಕಮಿಟ್ (ಗಿಟ್ ಉಳಿಸಿಟ್ಟ ಹಿಂದಿನ ಪ್ರತಿ) ತೆಗೆದು ಪಾಸ್‌ವರ್ಡ್ ಓದಿ ತೋರಿಸಿದರು. ಅವನ ಪ್ರೇಯಸಿಯ ಹೆಸರೇ ಪಾಸ್‌ವರ್ಡ್. ಇಡೀ ಕ್ಲಾಸಿಗೆ ಆವತ್ತು ಎರಡು ವಿಷಯ ಗೊತ್ತಾದವು.

ನೋಟ್ಸ್ ಬಗ್ಗೆ ಮಾತ್ರ ಏನು ಹೇಳೋದು. ಇನ್‌ಸ್ಟಿಟ್ಯೂಟ್ ಕೊಡುವ ಪಿಡಿಎಫ್ ಯಾವ ಕಾಲದ್ದೋ. ಅದರಲ್ಲಿ ಇಂಪೋರ್ಟ್ (ಬೇರೆ ಕಡೆಯ ಸಿದ್ಧ ಕೋಡ್ ಕರೆತರುವ ಸಾಲು) ಎಲ್ಲ 'ಜಾವಾಎಕ್ಸ್' ಅಂತ ಶುರುವಾಗುತ್ತವೆ. ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರಿನಲ್ಲಿ, ಅದರಿಂದಾಚೆ ಅವೆಲ್ಲ 'ಜಕಾರ್ತಾ' ಆಗಿವೆ, ಜಾವಾ 17 ಇಲ್ಲದೆ ಅದು ಓಡೋದೂ ಇಲ್ಲ. ನೋಟ್ಸಿನಲ್ಲಿ ಜಾವಾ 8. ಅದನ್ನು ನೋಡಿಕೊಂಡು ಮನೆಯಲ್ಲಿ ಮಾಡಿದವರಿಗೆ ಮೊದಲ ಸಾಲಿಂದಲೇ ಕೆಂಪು ಗೆರೆ. ಲಾಗಿನ್ ಪಾಠದ ಕೋಡಂತೂ ಪೂರ್ತಿ ಹಳೇದು, ಅದರಲ್ಲಿ ಎಕ್ಸ್‌ಟೆಂಡ್ ಮಾಡುವ ಕ್ಲಾಸನ್ನೇ ಈಗ ತೆಗೆದುಹಾಕಿದ್ದಾರೆ. ಸರ್ ನಗುತ್ತ, "ನೋಟ್ಸ್ ಇಟ್ಕೋರಿ, ಕೆಡಸಾಕ ಬರ್ತೈತಿ" ಅಂದರು.

ಲ್ಯಾಪ್‌ಟಾಪ್ ನಮ್ಮದೇ ತರಬೇಕು, ಇದನ್ನೂ ಸೇರಿದ ಮೇಲೆ ಹೇಳಿದರು. 8 ಜಿಬಿ ರ್‍ಯಾಮ್ ಇರಲೇಬೇಕು. ನನ್ನದರಲ್ಲಿ 4 ಇತ್ತು, ಕೋಡ್ ಬರೆಯುವ ಇಂಟೆಲಿಜೆ ತೆರೆದು ಕ್ರೋಮ್ ತೆರೆದರೆ ಫ್ಯಾನ್ ಸದ್ದಿಗೆ ಪಕ್ಕದವರು ತಿರುಗಿ ನೋಡುತ್ತಿದ್ದರು. ಕೊನೆಗೆ ಕೊಪ್ಪಿಕರ್ ರೋಡಿಗೆ ಹೋಗಿ ರ್‍ಯಾಮ್ ಹಾಕಿಸಿಕೊಂಡು ಬಂದೆ.

ಈಗ ಪ್ರಾಜೆಕ್ಟ್. ಪ್ರತಿ ಬ್ಯಾಚಿಗೂ ಅಲ್ಲಿ ಒಂದೇ ಪ್ರಾಜೆಕ್ಟ್, ಲೈಬ್ರರಿ ಮ್ಯಾನೇಜ್‌ಮೆಂಟ್. ಹಿಂದಿನ ಬ್ಯಾಚಿನ ಫೈಲ್ ಇರುತ್ತದೆ, ಹೆಸರು ಬದಲಿಸಿ ಕೊಟ್ಟರೆ ಆಯಿತು. ಸರ್ ಅದನ್ನು ಒಪ್ಪಲಿಲ್ಲ. ನಿಮ್ಮ ಕಣ್ಣೆದುರು ಯಾರು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೀತಾರೋ ಅವರ ಹತ್ತಿರ ಹೋಗಿ ಅಂದರು. ನಾವು ನಾಲ್ಕು ಜನ ದಿನಾ ಊಟ ಮಾಡುವ ಖಾನಾವಳಿಗೆ ಹೋದೆವು. ಅಲ್ಲಿ ಅಕ್ಕಾರು ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ನಲವತ್ತೈದು ಹುಡುಗರ ಲೆಕ್ಕ ಇಡುತ್ತಾರೆ. ತಿಂಗಳಿಗೆ 2,700.

ನಾವು ಏನೂ ಕೇಳದೆ ರೂಮಿನಲ್ಲಿ ಕೂತು ಡೇಟಾಬೇಸಿನ ಟೇಬಲ್ ಡಿಸೈನ್ ಮಾಡಿದೆವು. ಶುರುವಾದ ತಾರೀಖು, ಮುಗಿಯುವ ತಾರೀಖು, ಮೂವತ್ತು ದಿನ, ದಿನಕ್ಕೆ ಎರಡು ಊಟ, ರಜಾ ಹಾಕಿದರೆ ಇಷ್ಟು ಕಳೆಯಬೇಕು, ಫೆಬ್ರವರಿ ಬಂದರೆ ಏನು, ಮೂವತ್ತೊಂದು ಬಂದರೆ ಏನು, ಇದಕ್ಕೇ ಒಂದು ವಾರ ಹೋಯಿತು. ತೋರಿಸೋಕೆ ಹೋದರೆ ಅಕ್ಕಾರು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು ಅಂದರು:

"ತಿಂಗಳಾ ಅಂದ್ರ ಏನೋ ತಮ್ಮಾ, ಅರವತ್ತ ಊಟ. ದಿನಾ ಎಷ್ಟರ ಆಗ್ಲಿ."

ಅಷ್ಟೇ. ಕಾರ್ಡ್ ಅಂದರೆ ಅರವತ್ತು ಊಟ, ಉಂಡಾಗ ಒಂದು ಕಡಿಮೆ. ಊರಿಗೆ ಹೋದರೆ ಹೋದೆ, ರಜಾ ಲೆಕ್ಕವೇ ಇಲ್ಲ. ನಮ್ಮ ಒಂದು ವಾರದ ಕೆಲಸ ಒಂದೇ ಮಾತಿಗೆ ಕಸದ ಬುಟ್ಟಿಗೆ ಹೋಯಿತು. ಸರ್‌ಗೆ ಹೇಳಿದರೆ ಅವರಿಗೆ ಆದ ಖುಷಿ ನೋಡಬೇಕಿತ್ತು. "29 ಸಾವಿರ ಇದಕ್ಕ ಕೊಟ್ಟೀರಿ ನೋಡ್ರಿ" ಅಂದರು. ಅವರಿಗೂ ಫೀ ಎಷ್ಟು ಅಂತ ಗೊತ್ತಿತ್ತು ಅಂತ ಆವತ್ತು ಗೊತ್ತಾಯಿತು.

ಡಿಸೆಂಬರಿನಿಂದ ನಿಜವಾಗಿಯೂ ಬಳಸೋಕೆ ಶುರು ಮಾಡಿದೆವು, ಅಕ್ಕಾರ ಮಗಳ ಮೊಬೈಲಿನಲ್ಲಿ. ಮೊದಲ ದಿನವೇ ಮರ್ಯಾದೆ ಹೋಯಿತು. ಪುಕ್ಕಟೆ ಸರ್ವರಿನಲ್ಲಿ ಹಾಕಿದ್ದೆವು, ಹದಿನೈದು ನಿಮಿಷ ಯಾರೂ ಬಳಸದಿದ್ದರೆ ಅದು ಮಲಗಿಬಿಡುತ್ತದೆ, ಎಬ್ಬಿಸೋಕೆ ಒಂದು ನಿಮಿಷ ಬೇಕು. ಮಧ್ಯಾಹ್ನ ಒಂದು ಗಂಟೆಗೆ ಹುಡುಗರು ತಾಟು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ, ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇದೆ. ಆಮೇಲೆ ಊಟದ ಹೊತ್ತಿಗೆ ಮೊದಲು ನಮ್ಮಲ್ಲೊಬ್ಬ ರೂಮಿನಿಂದ ಒಂದು ಸಲ ಸೈಟ್ ತೆರೆದು ಎಬ್ಬಿಸಿಡುವ ಪಾಳಿ ಹಚ್ಚಿಕೊಂಡೆವು. ಎಂಜಿನಿಯರಿಂಗ್ ಅಂದರೆ ಇದೇ ಇರಬೇಕು.

ಸಂಕ್ರಾಂತಿ ರಜೆ ಮುಗಿಸಿ ಬಂದಾಗ ಸರ್ ಇರಲಿಲ್ಲ. ಬಿಟ್ಟು ಹೋಗಿದ್ದರು. ಯಾಕೆ ಅಂತ ಇನ್‌ಸ್ಟಿಟ್ಯೂಟ್ ಹೇಳಲಿಲ್ಲ, ಸಂಬಳ ಸರಿಯಾಗಿ ಬರುತ್ತಿರಲಿಲ್ಲ ಅಂತ ಗೆಳೆಯರು ಮಾತಾಡಿಕೊಂಡರು, ನನಗೆ ಖಚಿತ ಇಲ್ಲ. ಅವರ ಜಾಗಕ್ಕೆ ಬಂದವರು ಹೋದ ವರ್ಷ ಇದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಹುಡುಗ. ಪಾಪ, ಒಳ್ಳೆಯವರು, ಆದರೆ ಅವರು ಮಾಡಿದ್ದು ಸ್ಲೈಡ್ ಓದಿದ್ದು ಮಾತ್ರ. ಏನು ಕೇಳಿದರೂ "ಒಂದ್ಸಲ ರೀಸ್ಟಾರ್ಟ್ ಮಾಡ್ರಿ" ಅಂತಿದ್ದರು. ಮೂವತ್ತೆಂಟು ಜನರಲ್ಲಿ ಫೆಬ್ರವರಿ ಹೊತ್ತಿಗೆ ಉಳಿದವರು ಹನ್ನೊಂದು. ಹದಿನೈದು ಜನರ ಬ್ಯಾಚ್ ಅಂದಿದ್ದರಲ್ಲ, ಅದಕ್ಕಿಂತ ಕಡಿಮೆಯೇ ಆಯಿತು.

ಆ ಹೊತ್ತಿಗೇ ಖಾನಾವಳಿಯಿಂದ ಫೋನ್ ಬಂತು. ಹಾವೇರಿ ಕಡೆಯ ಹುಡುಗನೊಬ್ಬ ಆವತ್ತೇ 2,700 ಕೊಟ್ಟು ಹೊಸ ಕಾರ್ಡ್ ಮಾಡಿಸಿದ್ದಾನೆ, ನಂಬರ್ ಒತ್ತಿದರೆ 'ಕಾರ್ಡ್ ಇಲ್ಲ' ಅಂತ ಬರುತ್ತಿದೆ. ತಾಟಿನಲ್ಲಿ ರೊಟ್ಟಿ ಬಿದ್ದಿದೆ, ಕಾರ್ಡ್ ಇಲ್ಲ. ಡೇಟಾಬೇಸ್ ತೆಗೆದು ನೋಡಿದರೆ ಕಾರ್ಡ್ ಇದೆ. ಪ್ರೋಗ್ರಾಂ ಓಡುತ್ತಿದೆ. ಕೆಂಪಕ್ಷರ ಒಂದೂ ಇಲ್ಲ. ನಾನು ಕಲಿತದ್ದೇ ಕೆಂಪಕ್ಷರ ಓದೋದು, ಈಗ ಓದೋಕೆ ಏನೂ ಇಲ್ಲ! ಹೊಸ ಸರ್‌ಗೆ ಕೇಳಿದೆವು. ರೀಸ್ಟಾರ್ಟ್ ಮಾಡಿ ಅಂದರು, ಮಾಡಿದೆವು. ಚಾಟ್‌ಜಿಪಿಟಿಗೆ "ಕಾರ್ಡ್ ಇದೆ, ಸಿಗುತ್ತಿಲ್ಲ" ಅಂತ ಹೇಳಿದರೆ ಅದು ಡೇಟಾಬೇಸ್ ಕನೆಕ್ಷನ್ ನೋಡಿ ಅಂತ ಹೇಳಿ ಅರ್ಧ ದಿನ ಅಲ್ಲಿ ಓಡಾಡಿಸಿತು. ತಪ್ಪು ನಮ್ಮದೇ, ಪೂರ್ತಿ ಕೋಡ್ ತೋರಿಸಿರಲಿಲ್ಲ.

ಎರಡನೇ ದಿನ ರಾತ್ರಿ ಗೆಳತಿಯೊಬ್ಬಳು, ಅವಳೇ ನಮ್ಮ ಗುಂಪಿನಲ್ಲಿ ತಾಳ್ಮೆ ಇರುವವಳು, ಹಳೇ ಸರ್ ಹೇಳಿದ್ದನ್ನು ನೆನಪಿಸಿದಳು: ಯಾವುದು ಕೆಟ್ಟಿದೆ ಅಂತ ಹುಡುಕುವ ಮೊದಲು ಯಾವುದು ಸರಿ ಇದೆ ಅಂತ ಬರೆಯಿರಿ. ಹಾಳೆ ತಗೊಂಡು ಒಂದೊಂದೇ ಕಾರ್ಡ್ ನಂಬರ್ ಒತ್ತಿ ಬರೆದೆವು. 91 ಸಿಗುತ್ತದೆ. 110 ಸಿಗುತ್ತದೆ. 125, 126, 127 ಸಿಗುತ್ತವೆ. 128 ಸಿಗೋದಿಲ್ಲ. 129 ಕೂಡ ಇಲ್ಲ.

127, 128. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಅಕ್ಟೋಬರಿನಲ್ಲಿ ಸರ್ ಇದನ್ನೇ ಬೋರ್ಡಿನ ಮೂಲೆಯಲ್ಲಿ ಬರೆದು, "ಇಂಟರ್‌ವ್ಯೂನ್ಯಾಗ ಕೇಳ್ತಾರ" ಅಂತ ಹೇಳಿ ಮುಂದೆ ಹೋಗಿದ್ದರು, ನಾವೂ ಬರೆದುಕೊಂಡು ಮರೆತಿದ್ದೆವು. ಜಾವಾದಲ್ಲಿ ಸಣ್ಣ ನಂಬರುಗಳನ್ನು, ಅಂದರೆ ಮೈನಸ್ 128ರಿಂದ 127ರವರೆಗಿನವನ್ನು, ಅದು ಮೊದಲೇ ವಸ್ತುಗಳಾಗಿ ಮಾಡಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ. ಅದರಾಚೆಯ ನಂಬರ್ ಬಂದರೆ ಸಾಮಾನ್ಯವಾಗಿ ಪ್ರತಿ ಸಲ ಹೊಸದು. ಎರಡು 'ಲಾಂಗ್' ವಸ್ತುಗಳನ್ನು (ನಮ್ಮ ಕಾರ್ಡ್ ನಂಬರ್ ಇದ್ದದ್ದು ಇದರಲ್ಲೇ) ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಬೆಲೆ ಒಂದೇನಾ ಅಂತ ಜಾವಾ ನೋಡೋದಿಲ್ಲ, ಎರಡೂ ಅದೇ ವಸ್ತುನಾ ಅಂತ ನೋಡುತ್ತದೆ. 127ರ ತನಕ ಅದೇ ವಸ್ತು, ಹಾಗಾಗಿ ನಮ್ಮ ತಪ್ಪು ಕೋಡ್ ಸರಿಯಾಗಿ ಓಡಿತು. ಡಿಸೆಂಬರಿನಲ್ಲಿ 45 ಕಾರ್ಡ್, ಜನವರಿಯಲ್ಲಿ 45, ಫೆಬ್ರವರಿಯಲ್ಲಿ ಮೂವತ್ತೆಂಟನೇ ಹುಡುಗ ಬಂದು ನಿಂತಾಗ ಸಿಕ್ಕಿಬಿದ್ದಿತು. ಆ ಸಾಲಿನಲ್ಲಿ ಸಮಚಿಹ್ನೆ ತೆಗೆದು, ಬೆಲೆ ಹೋಲಿಸುವ 'ಈಕ್ವಲ್ಸ್' ಹಾಕಿದೆವು. ಎರಡು ದಿನ ಹುಡುಕಿದ್ದು, ಅರ್ಧ ನಿಮಿಷದ ರಿಪೇರಿ. ಆ ಸಾಲು ಬರೆದವನು ನಾನೇ, ಗಿಟ್ ಹೆಸರು ಸಮೇತ ತೋರಿಸುತ್ತದೆ, ತಪ್ಪಿಸಿಕೊಳ್ಳೋಕಾಗೋದಿಲ್ಲ.

ಹಳೇ ಸರ್‌ಗೆ ವಾಟ್ಸಾಪಿನಲ್ಲಿ ಬರೆದೆ. ಅವರು ಬರೀ ಒಂದು ಪ್ರಶ್ನೆ ಕಳಿಸಿದರು: "ಆ ಹುಡುಗಗ ಊಟಾ ಹಾಕಿದ್ರೋ ಇಲ್ಲೋ?" ಹಾಕಿದ್ದರು. ಅಕ್ಕಾರ ನೋಟ್‌ಬುಕ್ ಇನ್ನೂ ಪಕ್ಕದಲ್ಲೇ ಇತ್ತು, ಅವರು ನಮ್ಮನ್ನು ಪೂರ್ತಿ ಯಾವತ್ತೂ ನಂಬಿರಲಿಲ್ಲ.

ಪ್ಲೇಸ್‌ಮೆಂಟ್ ಬಗ್ಗೆ ಕೇಳಬೇಡಿ ಅಂದರೂ ಕೇಳುತ್ತೀರಿ, ಅದಕ್ಕೇ ಅಲ್ವಾ ಎಲ್ಲರೂ ಸೇರೋದು. ಬೋರ್ಡಿನಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ದೊಡ್ಡದಾಗಿದೆ, ಅದರ ಕೆಳಗೆ ಸಣ್ಣದಾಗಿ 'ಅಸಿಸ್ಟೆನ್ಸ್' ಅಂತಿದೆ. ಅಸಿಸ್ಟೆನ್ಸ್ ಅಂದರೆ ವಾಟ್ಸಾಪ್ ಗ್ರೂಪಿನಲ್ಲಿ ನೌಕರಿ ಲಿಂಕ್ ಫಾರ್ವರ್ಡ್ ಮಾಡೋದು. ಅವೇ ಲಿಂಕು ನಮ್ಮ ಕಾಲೇಜಿನ ಗ್ರೂಪಿನಲ್ಲಿ ಎರಡು ದಿನ ಮೊದಲೇ ಬಂದಿರುತ್ತವೆ. ಒಂದೇ ಒಂದು ಕಂಪನಿ ಇನ್‌ಸ್ಟಿಟ್ಯೂಟಿಗೆ ಬಂತು, ಎರಡು ವರ್ಷ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇಡಬೇಕು, ಮೊದಲ ಆರು ತಿಂಗಳು ಸ್ಟೈಪೆಂಡ್. ಅಪ್ಪನಿಗೆ ಹೇಳಿದರೆ, "ಎತ್ತು ಒತ್ತಿ ಇಟ್ಟಂಗಾತಲ್ಲೋ" ಅಂದರು. ಹೋಗಲಿಲ್ಲ. ನಮ್ಮಲ್ಲಿಬ್ಬರು ಹೋಗಿದ್ದಾರೆ, ಅವರ ಪರಿಸ್ಥಿತಿ ಅವರಿಗೆ, ತಪ್ಪು ಅನ್ನೋದಿಲ್ಲ.

ಸರ್ಟಿಫಿಕೇಟ್ ವಿಷಯ ಇಷ್ಟು. ಕೊನೇ ದಿನ ಕೌಂಟರಿಗೆ ಹೋದರೆ, ಮೊದಲು ಗೂಗಲ್‌ನಲ್ಲಿ ಐದು ಸ್ಟಾರ್ ಹಾಕಿ ನಾಲ್ಕು ಸಾಲು ಬರೆದು ಸ್ಕ್ರೀನ್‌ಶಾಟ್ ತೋರಿಸಿ ಅಂದರು. ನಾನು ನಾಲ್ಕು ತಿಂಗಳಿಗೆ ಐದು ಸ್ಟಾರ್, ಐದನೇ ತಿಂಗಳಿಗೆ ಒಂದು ಅಂತ ಬೇಕಾದರೆ ಹಾಕುತ್ತೇನೆ ಅಂದೆ. ಹಾಗೆ ಬರೋದಿಲ್ಲ ಅಂದರು. ಸರಿ, ಇಟ್ಟುಕೊಳ್ಳಿ ಅಂತ ಬಂದೆ. ಇಂಟರ್ನ್‌ಶಿಪ್ ಮಾಡಿದ್ದೇನೆ ಅಂತ ಬರೆದುಕೊಡುವುದಕ್ಕೆ ಬೇರೆ ರೇಟ್ ಇದೆ ಅಂತಲೂ ಅಲ್ಲೇ ಗೊತ್ತಾಯಿತು, ಆ ಕಡೆ ನಾನು ಹೋಗಲಿಲ್ಲ. ಈವರೆಗೆ ಹೋದ ಎರಡು ಇಂಟರ್‌ವ್ಯೂಗಳಲ್ಲಿ ಸರ್ಟಿಫಿಕೇಟ್ ಯಾರೂ ಕೇಳಿಲ್ಲ. ಒಬ್ಬರು ಖಾನಾವಳಿ ಪ್ರಾಜೆಕ್ಟ್ ಬಗ್ಗೆ ನಲವತ್ತು ನಿಮಿಷ ಕೇಳಿದರು, ದುಡ್ಡನ್ನು ಯಾಕೆ 'ಡಬಲ್'ನಲ್ಲಿ (ದಶಮಾಂಶದ ಸಂಖ್ಯೆ) ಇಡಲಿಲ್ಲ ಅಂತ ಕೇಳಿದರು, ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆ ಇಟ್ಟಿದ್ದು ಯಾಕೆ ಅಂತ ಹೇಳಿದೆ. ಅದನ್ನು ಕಲಿಸಿದ್ದೂ ಹಳೇ ಸರ್ರೇ. ರಿಸಲ್ಟ್ ಇನ್ನೂ ಬಂದಿಲ್ಲ.

ಹಾಗಾದರೆ ಸೇರಬೇಕೋ ಬೇಡವೋ? ಬರೀ ಜಾವಾ ಬೇಕು ಅಂದರೆ ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗಪುರದವರ ಜಾವಾ ಕೋರ್ಸ್ ಇದೆ, ನೋಡೋಕೆ ಪುಕ್ಕಟೆ, ಪರೀಕ್ಷೆಗೆ ಮಾತ್ರ ದುಡ್ಡು. ಪಾಠ ಎಲ್ಲಾದರೂ ಸಿಗುತ್ತದೆ. ಪಕ್ಕದಲ್ಲಿ ಕೂತು "ಆ ಸಾಲು ಇನ್ನೊಮ್ಮೆ ಓದು" ಅನ್ನುವವರು ಸಿಗೋದಿಲ್ಲ, ನಾನು ದುಡ್ಡು ಕೊಟ್ಟದ್ದು ಅದಕ್ಕೆ, ನಾಲ್ಕು ತಿಂಗಳು ಸಿಕ್ಕಿತು. ಹೊಸ ಬ್ಯಾಚಿಗೆ ಸೇರುವವರು ಕೌಂಟರಿನಲ್ಲಿ ಎರಡೇ ವಿಷಯ ಕೇಳಿ. ಜಿಎಸ್‌ಟಿ ಸೇರಿ ಎಷ್ಟು. ಡೆಮೋ ಕ್ಲಾಸ್ ತಗೊಂಡವರೇ ಕೊನೇವರೆಗೆ ಇರುತ್ತಾರಾ, ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಕೊಡುತ್ತೀರಾ, ಹಾಳೆ ಮೇಲೆ ಬರೆದುಕೊಡಿ. ಬರೆದುಕೊಟ್ಟರೆ ಸೇರಿ. "ಮ್ಯಾನೇಜರ್ ಬಂದ ಮ್ಯಾಲ ಹೇಳ್ತೀವ್ರಿ" ಅಂದರೆ ಸುಮ್ನೆ ಮೂರು ಮಹಡಿ ಇಳಿದು ಬನ್ನಿ. ಕೆಳಗಿನ ಗಿರ್ಮಿಟ್ ಚೆನ್ನಾಗಿರುತ್ತದೆ, ಜೊತೆಗೆ ಮಿರ್ಚಿ ತಗೊಳ್ಳಿ, ಜಿಎಸ್‌ಟಿ ಇಲ್ಲ.